ಮಾಟಕ್ಕೆ ಯಾರೂ ಸಾಕ್ಷಿ ಕೇಳಲಿಲ್ಲ

ಮಗ್ಗೆ, ಆಲೂರು ತಾಲ್ಲೂಕು
30-9-2004, ಗುರುವಾರ

ಪ್ರೀತಿಯ ಅತ್ತೆಗೆ,

ನೇತ್ರಾವತಿಯ ನಮಸ್ಕಾರ. ನಿಮ್ಮ ಮಂಡಿ ಈಗ ಹೇಗಿದೆ? ಅರಸೀಕೆರೆಯ ಒಣ ಹವೆಗೆ ನೋವು ಅರ್ಧ ಇಳಿದಿದೆ, ಮೆಟ್ಟಿಲು ಹತ್ತಿ ತಾರಸಿಯ ಮೇಲೆ ಹಪ್ಪಳ ಒಣಗಿಸುವಷ್ಟು ಸುಧಾರಿಸಿದ್ದಾರೆ ಎಂದು ವಾಣಿ ಹೋದ ಕಾಗದದಲ್ಲಿ ಬರೆದಿದ್ದಳು. ಓದಿ ಸಮಾಧಾನವಾಯಿತು. ಕಣ್ಣಿಗೆ ಬಿಡುವ ಹನಿ ಮುಗಿದಿದ್ದರೆ ಅಲ್ಲೇ ತರಿಸಿಕೊಳ್ಳಿ. ‘ಮಗಳ ಮನೆ, ಬಾಯ್ಬುಟ್ಟು ಹೆಂಗ್ ಕೇಳದು’ ಎಂದು ಸುಮ್ಮನಿರಬೇಡಿ. ಇಲ್ಲಿ ಮಳೆ ಹಿಂದೆ ಸರಿಯುತ್ತಿದೆ. ನಿಮ್ಮ ಕೆಂದ ಹಸು ಈದಿದೆ, ಹೆಣ್ಣುಗರು. ಗಿಣ್ಣು ಮಾಡಿದೆ, ಯಾರೂ ಎರಡನೆಯ ಸಲ ಕೇಳಲಿಲ್ಲ. ಬೆಲ್ಲದ ಹದ ನಿಮಗೆ ಮಾತ್ರ ಗೊತ್ತು. ನೋಡಿ, ಕೋಪದಲ್ಲಿ ಬರೆಯಲು ಕುಳಿತವಳು ಗಿಣ್ಣಿನ ಮಾತಾಡುತ್ತಿದ್ದೇನೆ.

ಹೌದು ಅತ್ತೆ, ಕೋಪದಲ್ಲೇ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀವು ಬರುವುದಿಲ್ಲ. ‘ಅವಳ ತಾವ ನಂದೇನ್ ಮಾತು’ ಎಂದು ನೀವು ಒಳಗಿನಿಂದ ಹೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ವಾಣಿ, ನಿನಗೂ ಒಂದು ಮಾತು. ಇದನ್ನು ನಿಮ್ಮವ್ವನಿಗೆ ಓದಿ ಹೇಳುವವಳು ನೀನು. ಖಾರವಾದ ಕಡೆಯಲ್ಲಿ ‘ಎಲ್ಲಾ ಚೆನ್ನಾಗವ್ರಂತೆ ಕಣವ್ವ’ ಎಂದು ಹಾರಿಸಬೇಡ. ಇದ್ದದ್ದು ಇದ್ದ ಹಾಗೆ ಓದು. ಅವರು ಎದ್ದು ಹೋದರೆ ಕಾದಿದ್ದು, ಬಂದ ಮೇಲೆ ಬಿಟ್ಟಲ್ಲಿಂದ ಓದು.

ಅತ್ತೆ, ನಿಮ್ಮ ದೊಡ್ಡ ಮಗ ಆನೇಮಹಲ್ ಕಡೆಯ ಎಸ್ಟೇಟಿನಲ್ಲಿ ಕಳೆ ಔಷಧಿ ಹೊಡೆಯಲು ಸೇರಿದಾಗ ಹೇಗಿದ್ದರು, ನೆನಪು ಮಾಡಿಕೊಳ್ಳಿ. ತುಂಬಿದ ಕ್ಯಾನನ್ನು ಒಂದೇ ಕೈಯಲ್ಲಿ ಎತ್ತಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ಆ ಕ್ಯಾನು ಸೋರುತ್ತಿತ್ತು. ಸಂಜೆ ಬಂದಾಗ ಅಂಗಿಯ ಬೆನ್ನು ಸೊಂಟದವರೆಗೆ ಒದ್ದೆಯಾಗಿ ಹಸಿರು ಕಟ್ಟಿರುತ್ತಿತ್ತು. ಬೆವರು ಎಂದು ನೀವು, ಬೆವರು ಎಂದು ನಾನು, ಇಬ್ಬರೂ ಒಗೆದು ಹಾಕಿದೆವು. ಔಷಧಿ ಚಿಮ್ಮುವ ಮೂತಿ ಕಟ್ಟಿಕೊಂಡರೆ ಬಾಯಿಂದ ಊದಿ ಸರಿಮಾಡುತ್ತಿದ್ದರಂತೆ. ಎಸ್ಟೇಟಿನಲ್ಲಿ ಎಲ್ಲರೂ ಹಾಗೇ ಮಾಡುವುದಂತೆ. ಆಮೇಲಾಮೇಲೆ ಮೂಗಿಗೆ ಬಟ್ಟೆ ಕಟ್ಟುವುದನ್ನೂ ಬಿಟ್ಟರು. ಕೇಳಿದರೆ, ‘ಬ್ಯಾರೆಯೋರ್ಗೆ ತಲೆ ತಿರುಗ್ತದೆ, ನಂಗೆ ವಾಸ್ನೆನೇ ಹೊಡಿಯಲ್ಲ ಕಣೇ’ ಎಂದು ಹೆಮ್ಮೆಯಿಂದ ಹೇಳಿದರು. ನಾವೂ ಹೆಮ್ಮೆ ಪಟ್ಟೆವು. ಒಲೆಯ ಮೇಲೆ ಹಾಲು ಸೀದು ಕರಿಯಾದರೂ ಪಕ್ಕದಲ್ಲೇ ಕುಳಿತ ಮನುಷ್ಯನಿಗೆ ಗೊತ್ತಾಗಲಿಲ್ಲವಲ್ಲ ಎಂದು ನೀವು ಬೈದಿದ್ದಿರಿ. ಈ ಕಾಯಿಲೆ ಕೈ ನಡುಗಿಸುವುದಕ್ಕೆ ವರ್ಷಗಳ ಮೊದಲೇ ಮೂಗನ್ನು ಕದಿಯುವುದುಂಟು ಎಂದು ಹಾಸನದ ಡಾಕ್ಟರು ಹೇಳಿದಾಗ ನನಗೆ ಆ ಹಾಲಿನ ಪಾತ್ರೆ ಕಣ್ಣಮುಂದೆ ಬಂತು. ನಡುಕ ಬಂದದ್ದು ಬಹಳ ತಡವಾಗಿ, ಬಲಗೈಯ ಹೆಬ್ಬೆರಳಿನಲ್ಲಿ, ಬೀಡಿ ಹೊಸೆಯುವವರ ಹಾಗೆ.

ಆಮೇಲೆ ಊರು ಶುರುಮಾಡಿತು. ಬಾಳ್ಳುಪೇಟೆಯ ಮದುವೆಯಲ್ಲಿ ಇವರು ತಾಂಬೂಲ ತೆಗೆದುಕೊಳ್ಳುವಾಗ ಅಡಿಕೆ ಚೆಲ್ಲಿತು. ಗುಂಡಯ್ಯ ಮಾವ ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ, ‘ಲಿಂಗಪ್ಪ ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕಂಡು ಬಂದವ್ನೆ’ ಎಂದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಹುಟ್ಟಿದ ದಿನದಿಂದ ಒಂದು ತೊಟ್ಟು ಹೆಂಡ ಮುಟ್ಟದವರು ಇವರು. ಅವತ್ತು ಊಟಕ್ಕೂ ಕೂರದೆ ಬಸ್ಸು ಹತ್ತಿದರು. ಮನೆಗೆ ಬಂದು ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತರು. ಅಲ್ಲಿಂದ ಆಚೆಗೆ ಜನರ ಮುಂದೆ ಆ ಕೈ ಹೊರಗೆ ಬಂದದ್ದೇ ಇಲ್ಲ. ಕುಡಿತ ಎಂದವರು ಒಬ್ಬರಾದರೆ, ಹುತ್ತ ಅಗೆದ ದೋಷ ಎಂದವರು ಇನ್ನೊಬ್ಬರು. ನನ್ನ ಕಾಲ್ಗುಣ ಎಂದವರೂ ಇದ್ದಾರೆ. ನನಗೆ ಮದುವೆಯಾಗಿ, ನಮ್ಮ ಮಗಳು ಹಾಸನದ ಹಾಸ್ಟೆಲಿಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಕಾಲ್ಗುಣ ಕೆಲಸ ಶುರುಮಾಡಿತಂತೆ. ಕೊನೆಗೆ ನೀವು ಆಲೂರಿನ ಶಾಸ್ತ್ರ ಹೇಳುವವನ ಹತ್ತಿರ ಹೋಗಿ ಬಂದು ‘ಯಾರೋ ಮಾಡ್ಸವ್ರೆ’ ಎಂದಿರಿ. ಮಾಟ ಎಂದ ಕೂಡಲೇ ಎಲ್ಲರೂ ತಲೆಯಾಡಿಸಿದರು. ಯಾರು ಮಾಡಿಸಿದರು, ಯಾವಾಗ, ಯಾಕೆ, ಒಬ್ಬರೂ ಕೇಳಲಿಲ್ಲ.

ಹಾಸನಕ್ಕೆ ಕರೆದುಕೊಂಡು ಹೋದವಳು ನಾನೊಬ್ಬಳೇ. ನರದ ಡಾಕ್ಟರು ಹೆಂಗಸು, ನನ್ನ ವಯಸ್ಸಿನವರು. ಇವರಿಂದ ಬೆರಳು ತಟ್ಟಿಸಿದರು, ನಡೆಸಿದರು, ಹೆಸರು ಬರೆಸಿದರು. ‘ಲಿಂಗಪ್ಪ’ ಎಂದು ನಾಲ್ಕಾರು ಸಲ ಬರೆಯುವಷ್ಟರಲ್ಲಿ ಅಕ್ಷರ ಸಣ್ಣಗಾಗುತ್ತಾ ಇರುವೆಯಷ್ಟಾಗಿತ್ತು. ಪಾರ್ಕಿನ್ಸನ್ ಎಂದು ಕಾಯಿಲೆಯ ಹೆಸರು. ಮೆದುಳಿನಲ್ಲಿ ಕೈಕಾಲು ಆಡಿಸಲು ಬೇಕಾದ ರಸವನ್ನು ಮಾಡುವ ಒಂದು ಜಾಗವಿದೆಯಂತೆ, ಅಲ್ಲಿಯ ಜೀವಕೋಶಗಳು ನಿಧಾನವಾಗಿ ಸಾಯುತ್ತಾ ಬರುತ್ತವಂತೆ. ಆಮೇಲೆ ಪ್ರಶ್ನೆ ಕೇಳಿದರು. ವಂಶದಲ್ಲಿ ಯಾರಿಗಾದರೂ ಇತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ, ಕುಡಿಯುವ ನೀರು ಬಾವಿಯದೇ, ಬಾವಿ ತೋಟದ ಕೆಳಗಿದೆಯೇ, ಔಷಧಿ ಹೊಡೆಯುವ ಕೆಲಸವೇ. ಮಾವನವರ ಅಣ್ಣ ದ್ಯಾವಯ್ಯ ದೊಡ್ಡಪ್ಪ ಕೊನೆಗಾಲದಲ್ಲಿ ನೆಲ ಸವರುತ್ತಾ ನಡೆಯುತ್ತಿದ್ದದ್ದನ್ನೂ ಮುಚ್ಚಿಡದೆ ಹೇಳಿದೆ. ಕಾಫಿ ಕುಡೀತಾರಾ ಎಂದೂ ಕೇಳಿದರು. ಕಾಫಿ ಕುಡಿಯುವವರಲ್ಲಿ ಈ ಕಾಯಿಲೆ ಸ್ವಲ್ಪ ಕಡಿಮೆ ಕಾಣಿಸುತ್ತದೆ ಎಂದು ಯಾರೋ ಲೆಕ್ಕ ಹಾಕಿದ್ದಾರಂತೆ, ಆದರೆ ಅದನ್ನೇ ಔಷಧಿ ಎಂದುಕೊಳ್ಳಬಾರದಂತೆ. ನನಗೆ ಆ ಹೊತ್ತಿನಲ್ಲೂ ನಗು ಬಂತು. ಕಾಫಿ ತೋಟದಲ್ಲಿ ಅರ್ಧ ಆಯಸ್ಸು ಸವೆಸಿದವರಿಗೆ ಪಿತ್ತ ಆಗುತ್ತದೆ ಎಂದು ನೀವು ಒಂದು ಲೋಟ ಕಾಫಿ ಕೊಟ್ಟವರಲ್ಲ.

ಹಾಗಾದರೆ ಇದು ಆ ಔಷಧಿಯಿಂದಲೇ ಬಂದದ್ದು ಎಂದು ಬರೆದುಕೊಡಿ ಎಂದೆ. ಡಾಕ್ಟರು ಒಪ್ಪಲಿಲ್ಲ. ‘ಇವರೊಬ್ಬರ ವಿಷಯದಲ್ಲಿ ಇದರಿಂದಲೇ ಅಂತ ಬೆರಳು ತೋರಿಸೋಕೆ ನನಗಾಗಲ್ಲ ನೇತ್ರಾವತಿ. ಔಷಧಿ ಹೊಡೆಯೋರಲ್ಲಿ ಹೆಚ್ಚು ಕಾಣಿಸುತ್ತೆ, ಅಷ್ಟು ನಿಜ. ರಕ್ತದಲ್ಲಿ ಸ್ವಲ್ಪ ಇರಬಹುದು, ಔಷಧಿಯಲ್ಲಿ ಸ್ವಲ್ಪ ಇರಬಹುದು. ಎರಡೂ ಒಂದೇ ಮನೇಲಿ ಸೇರೋದು ಒಳ್ಳೇದಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳ್ತೀನಿ’ ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ಬಸ್ಸಿನಲ್ಲಿ ಆಲೂರು ದಾಟುವವರೆಗೂ ಅದು ಇಳಿಯಲಿಲ್ಲ. ಆಮೇಲೆ ಅನ್ನಿಸಿತು, ಇಷ್ಟು ಜನರಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವರು ಇವರೊಬ್ಬರೇ. ಕಾಯಿಲೆಯನ್ನು ನಿಲ್ಲಿಸುವ ಮಾತ್ರೆ ಸದ್ಯಕ್ಕೆ ಯಾರ ಹತ್ತಿರವೂ ಇಲ್ಲ, ತಾವು ಬರೆದುಕೊಟ್ಟ ಮಾತ್ರೆ ಕೈಕಾಲು ಸಡಿಲ ಮಾಡುತ್ತದೆ ಅಷ್ಟೆ ಎಂದರು. ಮಿಕ್ಕದ್ದು ಮೈ ಆಡಿಸುವುದರಲ್ಲಿದೆ, ದಿನಾ ಬೆವರು ಬರುವಷ್ಟು ನಡೆಯಲಿ, ದೊಡ್ಡ ದೊಡ್ಡ ಹೆಜ್ಜೆ ಹಾಕಲಿ, ಗಂಟಲು ಬಿಟ್ಟು ಕೂಗಲಿ, ಆದಷ್ಟು ಕಾಲ ತಮ್ಮ ಕೆಲಸ ತಾವೇ ಮಾಡಿಕೊಳ್ಳಲಿ, ಹಾಗೆ ಮಾಡಿದವರು ಬೇಗ ಕುಗ್ಗುವುದಿಲ್ಲ ಎಂದು ಕಾಣುತ್ತದೆ ಎಂದರು. ‘ಏನು ಬೇಕಾದ್ರೂ ಮಾಡಿ, ಇವರನ್ನ ಕೂರಿಸಬೇಡಿ’ ಎಂದು ಬಾಗಿಲವರೆಗೆ ಬಂದು ಹೇಳಿದರು.

ಮಾರನೆಯ ದಿನ ಎಸ್ಟೇಟಿಗೆ ಹೋದೆ. ಮ್ಯಾನೇಜರು ಸ್ಟೋರಿನ ಮುಂದೆ ನಿಲ್ಲಿಸಿಕೊಂಡೇ ಮಾತಾಡಿದರು. ‘ಔಷಧಿಯಿಂದ ಅಂತ ಡಾಕ್ಟರು ಬರೆದುಕೊಟ್ಟವ್ರಾ? ಸಾಕ್ಷಿ ಏನೈತೆ? ಲೈನ್‌ಮನೆ ಆಳುಗಳೆಲ್ಲಾ ಹೊಡೆದವ್ರೆ, ಅವ್ರಿಗ್ಯಾಕೆ ಬರ್ಲಿಲ್ಲ?’ ಎಂದರು. ಕುಡಿತ ಎಂದಾಗ ಸಾಕ್ಷಿ ಬೇಕಾಗಲಿಲ್ಲ, ಹುತ್ತದ ದೋಷಕ್ಕೆ ಬೇಕಾಗಲಿಲ್ಲ, ನನ್ನ ಕಾಲಿಗೆ ಬೇಕಾಗಲಿಲ್ಲ, ಮಾಟಕ್ಕೆ ಯಾರೂ ಸಾಕ್ಷಿ ಕೇಳಲಿಲ್ಲ. ಇಷ್ಟು ವರ್ಷ ಒಬ್ಬ ಮನುಷ್ಯನ ಬೆನ್ನ ಮೇಲೆ ಸೋರಿದ ವಿಷಕ್ಕೆ ಮಾತ್ರ ಸಾಕ್ಷಿ ಬೇಕು. ಕೈಗವಸು ಕೊಟ್ಟಿದ್ದಿರಾ, ಸೋರದ ಕ್ಯಾನು ಕೊಟ್ಟಿದ್ದಿರಾ, ಅದಕ್ಕೇನಾದರೂ ಸಾಕ್ಷಿ ಇದೆಯಾ ಎಂದು ನಾನೂ ಕೇಳಿದೆ. ಮ್ಯಾನೇಜರು ದೊಡ್ಡ ಮನಸ್ಸು ಮಾಡಿದವರ ಹಾಗೆ, ‘ಗೇಟಿನ ತಾವ ಕುರ್ಚಿ ಹಾಕಿಸ್ತೀನಿ, ಬಂದು ಕೂತ್ಕಳ್ಲಿ, ಸಂಬಳ ಕೊಡಾಣ’ ಎಂದರು. ನೀವೂ ನನ್ನ ಮೈದುನ ಯೋಗೇಶನೂ ಅವರನ್ನು ದೇವರು ಎಂದಿರಿ.

ಆ ಕುರ್ಚಿ ಏನು ಮಾಡಿತು ಎಂದು ನೀವು ನೋಡಿದ್ದೀರಿ, ಆದರೆ ನೋಡಿದ ಹಾಗೆ ಹೇಳುವುದಿಲ್ಲ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಕೂತೇ ಇರುವುದು. ಲಾರಿ ಬಂದರೆ ಬೇರೆ ಯಾರೋ ಗೇಟು ತೆಗೆಯುವುದು. ಮಳೆಗಾಲ ಕಳೆಯುವಷ್ಟರಲ್ಲಿ ಬೆನ್ನು ಬಾಗಿತು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ, ಒರಳುಕಲ್ಲಿನ ಹಾಗೆ. ದನಿ ಎಷ್ಟು ಇಳಿಯಿತೆಂದರೆ, ನೀರು ಕೇಳಿದರೆ ನಾನು ಬಾಯಿಯ ಹತ್ತಿರ ಕಿವಿ ಇಡಬೇಕಾಗುತ್ತಿತ್ತು. ಒಂದು ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗದೆ ಒದ್ದಾಡುತ್ತಾ, ‘ನೇತ್ರಾ, ನನ್ನ ಆ ಕುರ್ಚಿಲಿ ಕೂರುಸ್ಬ್ಯಾಡ ಕಣೇ, ಅಲ್ಲೇ ಕಲ್ಲಾಗ್ಬುಡ್ತೀನಿ’ ಎಂದರು. ಮಾರನೆಯ ದಿನವೇ ಬಿಡಿಸಿದೆ. ಕೂತು ತಿನ್ನುವ ಅನ್ನವನ್ನು ಒದ್ದಳು ಎಂದು ನೀವು ಅತ್ತಿರಿ. ನನ್ನ ಅಂಗನವಾಡಿಯ ಮಕ್ಕಳನ್ನು ಮನೆಗೆ ಕಳಿಸಿ, ದಿನಾ ಸಂಜೆ ಇವರನ್ನು ಗುಡ್ಡದ ದಾರಿಯಲ್ಲಿ ನಡೆಸಲು ಶುರುಮಾಡಿದೆ. ಬಿದ್ದಾರು ಎಂದು ಸೊಂಟಕ್ಕೆ ಟವೆಲು ಸುತ್ತಿ ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದೆ. ಅದನ್ನು ಕಂಡು ನೀವು ಜಗುಲಿಯಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ, ‘ನನ್ ಮಗನ್ನ ಎತ್ತಿನ ಹಂಗೆ ಹೂಡವ್ಳೆ ನೋಡ್ರವ್ವ’ ಎಂದಿರಿ. ನಾನು ತಿರುಗಿ ನೋಡಲಿಲ್ಲ. ಟವೆಲು ಬಿಟ್ಟರೆ ಅವರು ಬೀಳುತ್ತಿದ್ದರು.

ಊಟದ ವಿಷಯದಲ್ಲೂ ಹಾಗೆಯೇ. ಈ ಮಾತ್ರೆ ನುಂಗಿ ಸ್ವಲ್ಪ ಹೊತ್ತು ಬಿಟ್ಟು ಉಣ್ಣಬೇಕು, ಕಾಳುಸಾರಿನ, ಹಾಲಿನ ಜೊತೆಗೆ ನುಂಗಿದರೆ ಹಿಡಿಯುವುದಿಲ್ಲ ಎಂದು ಎಷ್ಟು ಸಲ ಹೇಳಿದೆ. ‘ಹಸ್ಕಂಡು ಮಾತ್ರೆ ನುಂಗಿದ್ರೆ ಕರುಳು ಸುಟ್ಟೋಯ್ತದೆ’ ಎಂದು ನಾನು ಅತ್ತ ಹೋದ ಕೂಡಲೇ ಹಾಲು ಕೊಡುತ್ತಿದ್ದಿರಿ. ಪ್ರೀತಿಯೇ ಅತ್ತೆ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಆ ಹಾಲು ಕುಡಿದ ದಿನ ಅವರಿಗೆ ಮಧ್ಯಾಹ್ನದವರೆಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ.

ಈಗ ಸುಣ್ಣದ ಗೆರೆಯ ವಿಷಯ. ನೀವು ಮನೆ ಬಿಟ್ಟು ಅರಸೀಕೆರೆಯ ಬಸ್ಸು ಹತ್ತಿದ್ದು ಅದಕ್ಕೇ. ಬಾಗಿಲ ಹತ್ತಿರ ಬಂದರೆ ಇವರ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಬಯಲಿನಲ್ಲಿ ನಡೆಯುವ ಮನುಷ್ಯ ಹೊಸಿಲಿನ ಮುಂದೆ ಗೂಟ ಹೊಡೆದ ಹಾಗೆ ನಿಲ್ಲುವುದು ಈ ಕಾಯಿಲೆಯ ಗುಣ. ನೆಲದ ಮೇಲೆ ಅಡ್ಡಡ್ಡ ಬಿಳಿ ಗೆರೆ ಎಳೆಯಿರಿ, ಗೆರೆ ದಾಟುತ್ತೇನೆ ಎಂದುಕೊಂಡರೆ ಕಾಲು ಏಳುತ್ತದೆ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ನೀವು ಏಳುವ ಮೊದಲೇ ನಡುಮನೆಯಿಂದ ಜಗುಲಿಯವರೆಗೆ ಸುಣ್ಣದಲ್ಲಿ ಎಳೆದೆ. ಅವರು ಒಂದೊಂದೇ ಗೆರೆ ದಾಟಿ, ಯಾರ ಕೈಯನ್ನೂ ಹಿಡಿಯದೆ ಅಂಗಳಕ್ಕೆ ಹೋಗಿ ಬಂದರು. ಆಮೇಲೆ ನೀರು ತರಲು ಹೋದ ನಾನು, ಅದನ್ನು ನಿಮಗೆ ತೋರಿಸಬೇಕೆಂದು ಓಡೋಡಿ ಬಂದೆ. ಅಷ್ಟರಲ್ಲಿ ನೀವು ಪಕ್ಕದ ಮನೆಯ ಬಸಮ್ಮನನ್ನು ಕರೆತಂದು, ‘ಮಾಟ ಯಾರ್ ಮಾಡ್ಸವ್ರೆ ಅಂತಿದ್ದೆ, ನೋಡು, ಮನೆವೊಳ್ಗೇ ಅವ್ಳೆ’ ಎಂದು ತೋರಿಸುತ್ತಿದ್ದಿರಿ. ನನ್ನ ಮಾತು ಕೇಳದೆ ಸಗಣಿ ನೀರಿನಲ್ಲಿ ಎಲ್ಲವನ್ನೂ ಬಳಿದುಬಿಟ್ಟಿರಿ. ಆ ಸಂಜೆ ಅವರು ಅದೇ ಹೊಸಿಲಿನ ಮುಂದೆ ನಿಂತರು. ಮೈ ಮುಂದೆ ಹೋಯಿತು, ಕಾಲು ಹೋಗಲಿಲ್ಲ. ಹುಬ್ಬು ಒಡೆದು ಮುಖವೆಲ್ಲ ರಕ್ತವಾದಾಗಲೂ ನೀವು ‘ಅವಳ ಗೆರೆ ಬಲಿ ತಗಂತು’ ಎಂದೇ ಕೂಗಿದಿರಿ. ಅತ್ತೆ, ಗೆರೆ ಇದ್ದಾಗ ದಾಟಿದವರು ಗೆರೆ ಇಲ್ಲದಾಗ ಬಿದ್ದರು. ಇಷ್ಟು ಕಣ್ಣೆದುರಿನ ಸತ್ಯಕ್ಕೆ ನೀವು ಬೆನ್ನು ತಿರುಗಿಸಿ ಹೋದಿರಲ್ಲ, ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ಬೈದದ್ದಕ್ಕಲ್ಲ.

ಈಗ ಹೇಗಿದ್ದಾರೆ ಎಂದು ನೀವು ವಾಣಿಯ ಹತ್ತಿರ ಕೇಳುತ್ತೀರಂತೆ, ನನ್ನ ಹತ್ತಿರ ಕೇಳಿ. ಹುಬ್ಬಿನ ಗಾಯ ಮಾಯ್ದಿದೆ. ಗೆರೆಗಳು ಮತ್ತೆ ಬಂದಿವೆ, ಈ ಸಲ ಬಿಳಿ ಬಣ್ಣ ತಂದು ಬಳಿದಿದ್ದೇನೆ, ಸಗಣಿಗೆ ಹೋಗುವುದಿಲ್ಲ. ಟವೆಲು ಬೇಕಾಗುತ್ತಿಲ್ಲ. ದಿನಾ ಗುಡ್ಡದ ನೆತ್ತಿಗೆ ಹೋಗುತ್ತಾರೆ, ಅಲ್ಲಿ ನಿಂತು ಬಸ್ ಕಂಡಕ್ಟರನ ಹಾಗೆ ‘ಆಲೂರು, ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರ, ಆನೇಮಹಲ್’ ಎಂದು ಕೂಗುತ್ತಾರೆ. ಮೊದಲು ಪಕ್ಕದಲ್ಲಿದ್ದ ನನಗೇ ಕೇಳುತ್ತಿರಲಿಲ್ಲ, ಈಗ ಕೆಳಗಿನ ಗದ್ದೆಯಲ್ಲಿ ಕೆಲಸ ಮಾಡುವವರು ‘ಹಾಸ್ನುಕ್ಕೆ ಎರಡು ಟಿಕೇಟು ಕೊಡಪ್ಪ’ ಎಂದು ತಿರುಗಿ ಕೂಗುತ್ತಾರೆ. ಮೊನ್ನೆ ಅದಕ್ಕೆ ಅವರು ನಕ್ಕರು. ಹಲ್ಲು ಕಾಣುವ ಹಾಗೆ ನಕ್ಕರು ಅತ್ತೆ, ನಾನು ಆ ಮುಖ ಮರೆತೇಬಿಟ್ಟಿದ್ದೆ. ಗುಣವಾಯಿತು ಎಂದು ಬರೆಯುತ್ತಿಲ್ಲ. ಇದು ಗುಣವಾಗುವ ಕಾಯಿಲೆಯಲ್ಲ. ಕೆಲವು ದಿನ ಮಾತ್ರೆ ಹಿಡಿಯುವುದಿಲ್ಲ, ಬೆಳಗಾಗುವುದೇ ಭಾರವಾಗುತ್ತದೆ. ಮುಂದೆ ಇನ್ನೂ ಕಷ್ಟ ಇದೆ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ. ಆದರೆ ಹೋದ ವರ್ಷ ಈ ಹೊತ್ತಿಗೆ ನಾನೇ ತುತ್ತು ಮಾಡಿ ಇಡುತ್ತಿದ್ದೆ, ಈಗ ಅವರೇ ಉಣ್ಣುತ್ತಾರೆ. ಕರುವಿಗೆ ಹಗ್ಗ ಕಟ್ಟಿದವರೂ ಅವರೇ. ಗಂಟು ಹಾಕಲು ಅಕ್ಕಿ ಬೇಯುವಷ್ಟು ಹೊತ್ತು ಹಿಡಿಯಿತು. ನಾನು ಕೈ ಹಾಕಲಿಲ್ಲ. ಸಹಾಯ ಮಾಡದೆ ನೋಡುತ್ತಾ ನಿಲ್ಲುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಎಂದು ಊರಿನಲ್ಲಿ ನನ್ನನ್ನು ರಾಕ್ಷಸಿ ಎನ್ನುವವರಿಗೆ ಯಾರು ಹೇಳಬೇಕು.

ನಿಮ್ಮನ್ನು ಕೇಳುತ್ತಿರುತ್ತಾರೆ. ‘ಅವ್ವ ಯಾವಾಗ ಬತ್ತಾಳೆ’ ಎಂದು. ನೀವು ಮಂಡಿನೋವಿಗೆ ಹೋಗಿದ್ದೀರಿ ಎಂದೇ ಹೇಳಿದ್ದೇನೆ. ನೀವು ಬನ್ನಿ, ಬೈಯುವುದಿದ್ದರೆ ಇಲ್ಲೇ ಬಂದು ಬೈಯಿರಿ, ನನಗೆ ಅಭ್ಯಾಸವಿದೆ.

ವಾಣಿಗೂ ಅವಳ ಯಜಮಾನರಿಗೂ ಮಕ್ಕಳಿಗೂ ನಾನು ಕೇಳಿದೆನೆಂದು ಹೇಳಿ. ನಿಮ್ಮ ಪಾದ ಮುಟ್ಟಿ, ಜಗಳ ಬಾಕಿ ಇಟ್ಟುಕೊಂಡೇ ನಮಸ್ಕರಿಸುವ,

ನಿಮ್ಮ ಸೊಸೆ
ನೇತ್ರಾವತಿ

ಮರೆತ ಮಾತಲ್ಲ, ಈಗ ತಾನೆ ಗೊತ್ತಾದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಯೋಗೇಶ್ ಬಂದ. ಸಕಲೇಶಪುರದ ಪಂಪ್‌ಸೆಟ್ ಅಂಗಡಿಯ ಕೆಲಸ ಬಿಟ್ಟನಂತೆ. ಸೋಮವಾರದಿಂದ ಆನೇಮಹಲ್ ಎಸ್ಟೇಟಿನಲ್ಲಿ, ಅಣ್ಣ ಬಿಟ್ಟ ಜಾಗಕ್ಕೆ, ಕಳೆ ಔಷಧಿ ಹೊಡೆಯಲು. ಮ್ಯಾನೇಜರೇ ಹೇಳಿ ಕಳಿಸಿದ್ದಾರೆ. ಕ್ಯಾನು ಅದೇ. ನಾನು ಅತ್ತು ಕೇಳಿಕೊಂಡೆ, ಅವನ ಅಣ್ಣ ಬಾಯಿ ಬಿಟ್ಟು ‘ಬ್ಯಾಡ ಕಣೋ’ ಎಂದರು. ಅವನು ಏನೆಂದ ಗೊತ್ತೇ? ‘ಔಷ್ದಿಯಿಂದ ಏನೂ ಆಗಲ್ಲ ಅತ್ತಿಗೆ, ಅಣ್ಣಂಗೆ ಆಗಿರೋದು ಮಾಟ, ಅವ್ವನೇ ಹೇಳವ್ಳೆ.’ ನಿಮ್ಮ ಮಾತನ್ನೇ ಗುರಾಣಿ ಮಾಡಿಕೊಂಡು ಹೊರಟಿದ್ದಾನೆ ಅತ್ತೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಲ್ಲವರು ನೀವೊಬ್ಬರೇ. ನನ್ನನ್ನು ಏನಾದರೂ ಎಂದುಕೊಳ್ಳಿ. ಅಂಚೆಗೆ ಹಾಕಿದರೆ ತಡವಾಗುತ್ತದೆ ಎಂದು ನಾಳೆ ಬೆಳಿಗ್ಗೆ ಅರಸೀಕೆರೆಗೆ ಹೊರಟಿರುವ ಬಸಮ್ಮನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಓದಿದ ಕೂಡಲೇ ಅವಳ ಜೊತೆಗೇ ಹೊರಟು ಬನ್ನಿ. ಭಾನುವಾರ ಅವನು ಮನೆಯಲ್ಲಿರುತ್ತಾನೆ.